ಮೊದಲು ಮೊಳೆ, ಆಮೇಲೆ ಗನ್: ಮನೆಯ ಹೊರಗೋಡೆಯ ಮರದ ಹಲಗೆ ಬದಲಿಸುವವರಿಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಗೋಡೆ ಎಂದರೆ ಕಲ್ಲು ಎಂದೇ ಲೆಕ್ಕ. ಕಲಬುರಗಿ, ಚಿತ್ತಾಪುರ, ಸೇಡಂ ಕಡೆ ಶಹಾಬಾದ್ ಸುಣ್ಣಕಲ್ಲು, ಬೀದರಿನ ಎತ್ತರದ ನೆಲದಲ್ಲಿ ಕೆಂಪು ಜಂಬಿಟ್ಟಿಗೆ, ಯಾದಗಿರಿ-ಸುರಪುರದ ಗುಡ್ಡಗಳಲ್ಲಿ ಗ್ರಾನೈಟ್ ಕೈಗೆಟಕುವಂತೆ ಸಿಗುವುದರಿಂದ ಮರಕ್ಕೆ ಉಳಿದ ಜಾಗ ಕಂಬ, ತೊಲೆ, ಜಂತಿ, ಬಾಗಿಲು-ಚೌಕಟ್ಟುಗಳಷ್ಟೇ ಆಗಿತ್ತು. ಬೀದರ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳು ಕೂಡ ಸೂರಿನ ಕೆಳಗೇ ಇವೆ. ಮರವನ್ನು ನೇರವಾಗಿ ಬಿಸಿಲು-ಮಳೆಗೆ ಒಡ್ಡುವ ರೂಢಿ ಈ ಭಾಗದಲ್ಲಿ ಹೆಚ್ಚಿರಲಿಲ್ಲ. ಈಚಿನ ವರ್ಷಗಳಲ್ಲಿ ಮಾತ್ರ ತೋಟದ ಮನೆ, ಮೇಲಂತಸ್ತಿನ ಕೋಣೆ, ರಸ್ತೆಗೆ ಮುಖ ಮಾಡಿದ ಎಲಿವೇಶನ್ ಮುಂತಾದ ಕಡೆ ಗೋಡೆಯ ಹೊರಮೈಗೆ ಸಾಗವಾನಿ ಅಥವಾ ಪೈನ್ ಹಲಗೆ ಹೊದಿಸುವ ಕೆಲಸ ಕಾಣಿಸಿಕೊಂಡಿದೆ. ಕ್ಲ್ಯಾಡಿಂಗ್ ಎಂದು ಗುತ್ತಿಗೆದಾರರು ಕರೆಯುವ ಈ ಹೊದಿಕೆ ಕೆಲವು ಬೇಸಿಗೆ ಕಳೆದ ಮೇಲೆ ದುರಸ್ತಿ ಕೇಳತೊಡಗುತ್ತದೆ. ಪಡುವಣ ಬಿಸಿಲಿಗೆ ಮುಖ ಮಾಡಿದ ಹಲಗೆಗಳು ದೋಣಿಯಂತೆ ಬಾಗುತ್ತವೆ, ಮೊಳೆಯ ಬುಡದಿಂದ ಕಪ್ಪು ಅಥವಾ ಕಂದು ಗೆರೆ ಕೆಳಗಿಳಿಯುತ್ತದೆ, ನೆಲಕ್ಕೆ ಹತ್ತಿರವಿರುವ ತುದಿಗಳು ಮೆತ್ತಗಾಗುತ್ತವೆ.

ಆಗ ಬಡಿಗೇರರನ್ನು ಕರೆಸಿ ವಿಚಾರಿಸಿದರೆ ಹೆಚ್ಚಾಗಿ ಬರುವ ಉತ್ತರ, "ನಮ್ಮ ಹತ್ರ ಗನ್ ಅದರಿ, ಒಂದೇ ದಿನದಾಗ ಹೊಡದು ಕೊಡ್ತೀವ್ರಿ" ಎಂಬುದು. ಗನ್ ಎಂದರೆ ಮೊಳೆ ಹೊಡೆಯುವ ನೇಲ್ ಗನ್. ಮಾತಿನಲ್ಲಿ ಸುಳ್ಳಿಲ್ಲ, ಒಂದೇ ದಿನದಲ್ಲಿ ಹೊಡೆದು ಮುಗಿಸಬಹುದು. ಆದರೆ ಅವರ ಚೀಲದಲ್ಲಿರುವ ಗನ್ ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್, ಲ್ಯಾಮಿನೇಟ್ ಪಟ್ಟಿ ಮುಂತಾದ ಒಳಾಂಗಣ ಕೆಲಸಕ್ಕೆಂದು ಕೊಂಡದ್ದು. ಹೊರಗೋಡೆಯ ಹಲಗೆಗೆ ಬೇಕಾದ ಮೊಳೆಯನ್ನು ಅದು ಹೊಡೆಯಲಾರದು. ಆದ್ದರಿಂದ ಯಾವ ಗನ್ ಒಳ್ಳೆಯದು ಎಂಬ ಪ್ರಶ್ನೆಯಿಂದ ಹೊರಟರೆ ದಾರಿ ತಪ್ಪುತ್ತದೆ. ಯಾವ ಮೊಳೆ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರೆ, ಆ ಮೊಳೆಯನ್ನು ಹೊಡೆಯಬಲ್ಲ ಗನ್‌ಗಳು ಒಂದೋ ಎರಡೋ ಬಗೆ ಮಾತ್ರ ಉಳಿಯುತ್ತವೆ. ಕೆಲವೊಮ್ಮೆ ಒಂದೂ ಉಳಿಯುವುದಿಲ್ಲ, ಅದೂ ಒಂದು ಉತ್ತರವೇ.

ಒಳಗಿನ ಮೊಳೆಗೂ ಹೊರಗಿನ ಮೊಳೆಗೂ ಇರುವ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮನೆಯೊಳಗೆ ಪ್ಲೈವುಡ್ಡಿಗೆ ಹೊಡೆದ ಪಿನ್ನು ಫೆವಿಕಾಲ್ ಒಣಗುವವರೆಗೆ ಹಿಡಿದುಕೊಂಡಿದ್ದರೆ ಸಾಕು. ಆಮೇಲಿನ ಭಾರವನ್ನು ಅಂಟೇ ಹೊರುತ್ತದೆ. ಹೊರಹಲಗೆಗೆ ಅಂಟು ಇರುವುದಿಲ್ಲ, ಇರಲೂಬಾರದು, ಏಕೆಂದರೆ ಹಲಗೆ ವರ್ಷವಿಡೀ ಚಲಿಸುತ್ತಿರುತ್ತದೆ. ಏಪ್ರಿಲ್-ಮೇ ತಿಂಗಳ ಒಣ ಗಾಳಿಯಲ್ಲಿ ಮರ ತನ್ನ ತೇವ ಕಳೆದುಕೊಂಡು ಅಡ್ಡಗಲಕ್ಕೆ ಕುಗ್ಗುತ್ತದೆ, ಮಳೆಗಾಲದಲ್ಲಿ ಮತ್ತೆ ತೇವ ಹೀರಿ ಹಿಗ್ಗುತ್ತದೆ. ಉದ್ದದಲ್ಲಿ ಈ ಬದಲಾವಣೆ ಗಣನೆಗೆ ಬಾರದಷ್ಟು ಕಡಿಮೆ, ಅಗಲದಲ್ಲಿ ಮಾತ್ರ ಹೆಚ್ಚು. ಸಾಗವಾನಿ ಈ ವಿಷಯದಲ್ಲಿ ಬಹಳ ಸ್ಥಿರವಾದ ಮರವೆಂದು ಹೆಸರಾದದ್ದು. ಆದರೂ ಆರು ಇಂಚು ಅಗಲದ ಸಾಗವಾನಿ ಹಲಗೆಯಲ್ಲಿ ತೇವಾಂಶ ಶೇಕಡಾ 6ರಷ್ಟು ಏರಿಳಿದರೆ, ಹಲಗೆ ಸೀಳಿದ ದಿಕ್ಕನ್ನು ಅವಲಂಬಿಸಿ, ಸುಮಾರು ಒಂದರಿಂದ ಎರಡು ಮಿಲಿಮೀಟರ್‌ವರೆಗೆ ಅಗಲ ಬದಲಾಗಬಹುದು. ಈ ಎಳೆದಾಟವನ್ನು ಪ್ರತಿ ವರ್ಷ ತಾಳಿಕೊಳ್ಳಬೇಕಾದುದು ಮೊಳೆ.

ಹಾಗೆ ತಾಳಿಕೊಳ್ಳಲು ಮೊಳೆಗೆ ಮೂರು ಗುಣ ಬೇಕಾಗುತ್ತವೆ. ಹಲಗೆ ಬಾಗಿ ಹೊರಗೆ ತಳ್ಳಿದಾಗ ಅದನ್ನು ಒತ್ತಿ ಹಿಡಿಯಲು ಅಗಲವಾದ ದುಂಡು ತಲೆ ಮೊದಲನೆಯದು. ಹಲಗೆ ಕೂರಿಸಲು ಗೋಡೆಗೆ ಹಿಡಿಸಿದ ಹಿಂದಿನ ಮರದ ಪಟ್ಟಿಯಿಂದ ಮೊಳೆ ಮೆಲ್ಲಗೆ ಜಾರಿ ಹೊರಬರದಂತೆ ಕಾಂಡದ ಮೇಲೆ ಉಂಗುರದಂತಹ ಗೆರೆಗಳಿರುವುದು ಎರಡನೆಯದು. ಇದನ್ನು ರಿಂಗ್ ಶ್ಯಾಂಕ್ ಎನ್ನುತ್ತಾರೆ, ಈ ಗೆರೆಗಳ ನಡುವೆ ಮರದ ನಾರು ಸಿಕ್ಕಿಕೊಳ್ಳುವುದರಿಂದ ನುಣುಪು ಮೊಳೆಗಿಂತ ಇದರ ಹಿಡಿತ ಬಹಳ ಹೆಚ್ಚು. ಮೂರನೆಯದು ಲೋಹ. ಸಾಗವಾನಿಯಂತಹ ಮರಗಳಲ್ಲಿರುವ ಟ್ಯಾನಿನ್ ಮೊದಲಾದ ರಾಸಾಯನಿಕಗಳು ತೇವ ಬಿದ್ದಾಗ ಸಾಮಾನ್ಯ ಕಬ್ಬಿಣದೊಂದಿಗೆ ಸೇರಿ ಮಸಿಯಂತಹ ಕಪ್ಪು ಕಲೆ ಮಾಡುತ್ತವೆ. ಪೈನ್ ಹಲಗೆಗೆ ಹುಳು-ಬೂಷ್ಟು ಹಿಡಿಯದಂತೆ ತಾಮ್ರದ ಸಂಯುಕ್ತ ಸೇರಿದ ಔಷಧ ಏರಿಸಿದ್ದರೆ ಆ ತಾಮ್ರವೇ ಸಾದಾ ಮೊಳೆಯನ್ನು ತಿನ್ನತೊಡಗುತ್ತದೆ. ಹಾಗಾಗಿ ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಉತ್ತಮ. ಬಣ್ಣ ಬಳಿಯುವ ಹಲಗೆಗಾದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಹಾಟ್ ಡಿಪ್ ಗ್ಯಾಲ್ವನೈಸ್ಡ್ ಮೊಳೆಯೂ ನಡೆಯುತ್ತದೆ. ಅಂಗಡಿಯಲ್ಲಿ ಫಳಫಳ ಹೊಳೆಯುವ, ಜಿಐ ಎಂದು ಕೊಡುವ ಮೊಳೆಗಳಲ್ಲಿ ಹಲವು ವಿದ್ಯುತ್ತಿನಿಂದ ತೆಳುವಾಗಿ ಸತು ಲೇಪಿಸಿದವು. ಆ ಲೇಪ ಕೆಲವೇ ಮೈಕ್ರಾನ್ ದಪ್ಪ. ಅದ್ದಿ ತೆಗೆದ ಮೊಳೆ ಮಂಕಾಗಿ, ತುಸು ಒರಟಾಗಿ ಕಾಣುತ್ತದೆ. ಇಲ್ಲಿ ಅಂದಗೇಡಿಯಾದದ್ದೇ ಬಾಳಿಕೆಯದು. ಸ್ಟೇನ್‌ಲೆಸ್‌ನಲ್ಲಿ 304 ದರ್ಜೆ ನಮ್ಮ ಜಿಲ್ಲೆಗಳಿಗೆ ಧಾರಾಳವಾಗಿ ಸಾಕು. ಕಡಲ ತೀರದ ಉಪ್ಪುಗಾಳಿಗೆ ಬೇಕಾಗುವ 316 ದರ್ಜೆಗೆ ಇಲ್ಲಿ ಹೆಚ್ಚಿನ ಹಣ ಕೊಡುವುದು ವ್ಯರ್ಥವೆಂದು ನನ್ನ ಅಭಿಪ್ರಾಯ.

ಈಗ ಚೀಲದಲ್ಲಿರುವ ಗನ್‌ಗಳತ್ತ ಬರೋಣ. ನಮ್ಮಲ್ಲಿ ಪ್ರತಿಯೊಬ್ಬ ಬಡಿಗೇರರ ಬಳಿಯೂ ಕಾಣಸಿಗುವುದು ಎಫ್30 ಎಂಬ ಸಣ್ಣ ಬ್ರಾಡ್ ಗನ್. ಅದು 18 ಗೇಜಿನ, 10ರಿಂದ 30 ಮಿಲಿಮೀಟರ್ ಉದ್ದದ ಪಿನ್ನುಗಳನ್ನು ಹೊಡೆಯುತ್ತದೆ. ಗೇಜ್ ಎಂದರೆ ತಂತಿಯ ದಪ್ಪದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ದಪ್ಪ ಹೆಚ್ಚು. ಆ ಪಿನ್ನಿನ ಪಟ್ಟಿಯಿಂದ ಒಂದನ್ನು ಮುರಿದು ಅಂಗೈಯಲ್ಲಿಟ್ಟು ನೋಡಿದರೆ ಸಂಗತಿ ತಾನೇ ತಿಳಿಯುತ್ತದೆ: ಕಾಂಡ ದುಂಡಗಿಲ್ಲ, ಒಂದೂಕಾಲು ಮಿಲಿಮೀಟರಿನಷ್ಟು ಅಗಲದ ಚಪ್ಪಟೆ ತಂತಿ, ತಲೆಯ ಜಾಗದಲ್ಲಿ ಒಂದು ಬದಿಗೆ ಚೂರು ಮಡಿಚಿದ ಅಂಚು, ಉಗುರಿನಿಂದ ಒತ್ತಿದರೆ ಬಾಗುತ್ತದೆ. ಇದನ್ನು ಮುಕ್ಕಾಲು ಇಂಚಿನ ಹಲಗೆಗೆ ಹೊಡೆದರೆ ಹಿಂದಿನ ಪಟ್ಟಿಯೊಳಗೆ ಹೋಗುವುದು ಹನ್ನೊಂದು ಮಿಲಿಮೀಟರ್ ಮಾತ್ರ. ಮೊದಲ ಬೇಸಿಗೆಯಲ್ಲಿ ಹಲಗೆ ಬಾಗಿದಾಗ ತಲೆ ಮರದೊಳಗೆ ತೂರಿಹೋಗಿ ಹಲಗೆ ಪಿನ್ನನ್ನು ಹಿಂದೆ ಬಿಟ್ಟು ತಾನೊಂದೇ ಹೊರಬರುತ್ತದೆ.

ಅದರ ಅಣ್ಣನಂತಿರುವ ಟಿ50 ಗನ್ 16 ಗೇಜಿನ, 50 ಮಿಲಿಮೀಟರ್‌ವರೆಗಿನ ಮೊಳೆ ಹೊಡೆಯುತ್ತದೆ. ಉದ್ದ ಸಾಕೆನಿಸುತ್ತದೆ, ತಲೆಯ ತೊಂದರೆ ಹಾಗೇ ಉಳಿಯುತ್ತದೆ. ಬಾಗಿಲ ಚೌಕಟ್ಟಿನ ಬೀಡಿಂಗ್, ಒಳಗೋಡೆಯ ಪಟ್ಟಿ, ಸೂರಿನ ಅಡಿಯ ಹಲಗೆ ಇವಕ್ಕೆ ಇದು ಒಳ್ಳೆಯ ಉಪಕರಣ. ಒಂದರ ಅಂಚಿನ ನಾಲಗೆ ಇನ್ನೊಂದರ ಗಾಡಿಯೊಳಗೆ ಕೂರುವ ನಾಲಗೆ-ಗಾಡಿ ಜೋಡಣೆಯ ಕಿರಿದಾದ ಹಲಗೆಗಳನ್ನು ನಾಲಗೆಯ ಮೂಲಕ ಓರೆಯಾಗಿ, ಮೊಳೆ ಕಾಣದಂತೆ ಹೊಡೆಯುವಾಗ, ಮೇಲೆ ಚಾಚಿದ ಸೂರಿದ್ದು ಮೊಳೆ ಸ್ಟೇನ್‌ಲೆಸ್ ಆಗಿದ್ದರೆ ಇದನ್ನು ಬಳಸಬಹುದು. ಬಯಲಿಗೆ ಒಡ್ಡಿದ ಅಗಲ ಹಲಗೆಗೆ ಬೇಡ. ಇನ್ನು ಎಸ್‌ಟಿ64 ಎಂಬ ಗನ್ನನ್ನು ಕೆಲವರು ಮುಂದಿಡುತ್ತಾರೆ, ಏಕೆಂದರೆ ಅದರ ಮೊಳೆಗೆ ದುಂಡು ತಲೆಯೂ 64 ಮಿಲಿಮೀಟರ್‌ವರೆಗೆ ಉದ್ದವೂ ಇದೆ. ಅದು ಮೂಲತಃ ಕಾಂಕ್ರೀಟಿಗೆ ಪಟ್ಟಿ ಹೊಡೆಯಲು ರೂಪಿಸಿದ್ದು; ಅದರ ಮೊಳೆ ಕಾಯಿಸಿ ಗಡುಸುಗೊಳಿಸಿದ ಉಕ್ಕಿನದು, ಕಾಂಡ ಸಾಮಾನ್ಯವಾಗಿ ನುಣುಪು, ಲೇಪ ತೆಳು. ಮರದ ಹಲಗೆ ವರ್ಷವರ್ಷ ಹಿಂದೆಮುಂದೆ ಎಳೆಯುವಲ್ಲಿ ಬಾಗಿ ಕೊಡಬಲ್ಲ ಮೊಳೆ ಬೇಕು, ಗಡುಸಾಗಿ ಮುರಿಯುವುದು ಬೇಡ.

ಹೊರಹಲಗೆಗೆ ಸರಿಹೊಂದುವುದು ಕಾಯಿಲ್ ಗನ್. ತಂತಿಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಒಂದಕ್ಕೊಂದು ಪೋಣಿಸಿ ಸುರುಳಿ ಸುತ್ತಿದ ದುಂಡುತಲೆಯ ಮೊಳೆಗಳನ್ನು ದುಂಡು ಡಬ್ಬಿಯಲ್ಲಿ ತುಂಬಿಕೊಳ್ಳುವ ಗನ್ ಇದು. ಒಂದು ಸುರುಳಿಗೆ ಸಾಮಾನ್ಯವಾಗಿ ಇನ್ನೂರೈವತ್ತರಿಂದ ಮುನ್ನೂರು ಮೊಳೆ. ಅಮೆರಿಕದಲ್ಲಿ ಇದನ್ನು ಸೈಡಿಂಗ್ ಗನ್ ಎಂದೇ ಪ್ರತ್ಯೇಕವಾಗಿ ಮಾರುತ್ತಾರೆ, ಸುಮಾರು 32ರಿಂದ 64 ಮಿಲಿಮೀಟರ್ ಉದ್ದದ ಮೊಳೆ ಅದಕ್ಕೆ. ನಮ್ಮ ಮಾರುಕಟ್ಟೆಯಲ್ಲಿ ಅದಕ್ಕೆ ಹತ್ತಿರವಾದದ್ದು ಸಿಎನ್55: 25ರಿಂದ 57 ಮಿಲಿಮೀಟರ್ ಉದ್ದ, 2.1ರಿಂದ 2.5 ಮಿಲಿಮೀಟರ್ ದಪ್ಪದ ಮೊಳೆ. ಸರಕು ಸಾಗಿಸುವ ಮರದ ಪ್ಯಾಲೆಟ್ ಮಾಡುವ ಕಾರ್ಖಾನೆಗಳಲ್ಲಿ ಇದೇ ಗನ್ ನಡೆಯುವುದರಿಂದ ಗನ್ನೂ ಬಿಡಿಭಾಗಗಳೂ ಸಿಗುವುದು ಕಷ್ಟವಲ್ಲ. ಕಷ್ಟವಿರುವುದು ಮೊಳೆಯಲ್ಲಿ. ಪ್ಯಾಲೆಟ್ಟಿಗೆ ಹೊಡೆಯುವ ಸುರುಳಿಗಳು ಸಾದಾ ಉಕ್ಕಿನವು ಇಲ್ಲವೇ ತೆಳು ಲೇಪದವು; ರಿಂಗ್ ಶ್ಯಾಂಕ್ ಇರುವ ಸ್ಟೇನ್‌ಲೆಸ್ ಸುರುಳಿಯನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತೇವೆ ಎಂಬ ಉತ್ತರವನ್ನೇ ನಿರೀಕ್ಷಿಸಬೇಕು. ಹೈದರಾಬಾದಿನಿಂದಲೋ ಆನ್‌ಲೈನಿನಲ್ಲೋ ತರಿಸುವುದಾದರೆ ಗನ್ ಕೊಳ್ಳುವ ಮುನ್ನವೇ ಮೊಳೆಯ ಪೆಟ್ಟಿಗೆ ಕೈಗೆ ಬಂದಿರಲಿ. ಸುರುಳಿಯ ಕೋನ, ಪೋಣಿಸಿದ ಬಗೆ, ಕಾಂಡದ ದಪ್ಪ ಇವುಗಳಲ್ಲಿ ಒಂದು ಹೊಂದದಿದ್ದರೂ ಗನ್ ಮೊಳೆಯನ್ನು ಸರಿಯಾಗಿ ಮುಂದೂಡುವುದಿಲ್ಲ. ಬಂದ ಮೊಳೆ ಸ್ಟೇನ್‌ಲೆಸ್ ಹೌದೋ ಅಲ್ಲವೋ ಎಂದು ಅಯಸ್ಕಾಂತ ಹಿಡಿದು ನೋಡುವುದು ವಾಡಿಕೆ. 304 ಉಕ್ಕನ್ನು ತಂತಿಯಾಗಿ ಎಳೆದಾಗ ಅದಕ್ಕೂ ಅಲ್ಪ ಸೆಳೆತ ಬರುವುದುಂಟು, ಆದ್ದರಿಂದ ಸ್ವಲ್ಪ ಅಂಟಿದ ಮಾತ್ರಕ್ಕೆ ವ್ಯಾಪಾರಿಯೊಂದಿಗೆ ಜಗಳಕ್ಕೆ ಇಳಿಯಬೇಕಾಗಿಲ್ಲ. ಕೆಲವು ಮೊಳೆಗಳನ್ನು ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ ಹಲವು ದಿನ ಇಟ್ಟು ನೋಡುವುದು ಹೆಚ್ಚು ನಂಬಿಕೆಯ ಪರೀಕ್ಷೆ.

ವಿಡಿಯೊಗಳಲ್ಲಿ ಕಾಣುವ ದೊಡ್ಡ ಫ್ರೇಮಿಂಗ್ ಗನ್ ನಮಗೆ ಬೇಕಾಗಿಲ್ಲ. ಅಮೆರಿಕ, ನ್ಯೂಜಿಲೆಂಡ್ ಮುಂತಾದ ಕಡೆ ಮನೆಯ ಅಸ್ಥಿಪಂಜರವೇ ಮರದ್ದಾಗಿರುವುದರಿಂದ 50ರಿಂದ 90 ಮಿಲಿಮೀಟರ್ ಉದ್ದದ, ಮೂರು ಮಿಲಿಮೀಟರ್ ಆಸುಪಾಸು ದಪ್ಪದ ಮೊಳೆಗಳನ್ನು ಅದು ಆಳಕ್ಕೆ ಇಳಿಸಬಲ್ಲದು. ಅಲ್ಲಿ ಹಲಗೆಯ ಹಿಂದೆ ನಾಲ್ಕು ಇಂಚಿನ ಮರವಿರುತ್ತದೆ, ನಮ್ಮಲ್ಲಿ ಒಂದು ತೆಳು ಪಟ್ಟಿ, ಅದರ ಹಿಂದೆ ಕಲ್ಲು.

ಈ ಕಲ್ಲೇ ಇಲ್ಲಿನ ಲೆಕ್ಕಾಚಾರವನ್ನು ಬೇರೆ ಮಾಡುವುದು. ಹಲಗೆ ಹಾಸುವವರಲ್ಲಿ ರೂಢಿಯಲ್ಲಿರುವ ನಿಯಮವೆಂದರೆ ನುಣುಪು ಮೊಳೆಯಾದರೆ ಅದರ ಉದ್ದ ಹಲಗೆಯ ದಪ್ಪದ ಎರಡೂವರೆ ಪಟ್ಟು, ರಿಂಗ್ ಶ್ಯಾಂಕ್ ಆದರೆ ಎರಡು ಪಟ್ಟು ಇರಬೇಕು. ಮುಕ್ಕಾಲು ಇಂಚಿನ, ಅಂದರೆ 19 ಮಿಲಿಮೀಟರಿನ ಹಲಗೆಗೆ ನುಣುಪು ಮೊಳೆ 48 ಮಿಲಿಮೀಟರ್ ಬೇಕು, ಅಂಗಡಿಯ ಅಳತೆಯಲ್ಲಿ 50. ಅದರಲ್ಲಿ 31 ಮಿಲಿಮೀಟರ್ ಪಟ್ಟಿಯೊಳಗೆ ಹೋಗುತ್ತದೆ. ನಮ್ಮ ಸಾಮಿಲ್ಲುಗಳಲ್ಲಿ ಸಲೀಸಾಗಿ ಸಿಗುವ ಎರಡು-ಒಂದು ಇಂಚಿನ ಪಟ್ಟಿಯನ್ನು ಗೋಡೆಗೆ ಚಪ್ಪಟೆಯಾಗಿ ಬಡಿದಿದ್ದರೆ ಅದರ ದಪ್ಪ 25 ಮಿಲಿಮೀಟರ್ ಮಾತ್ರ. ಉಳಿದ ಆರು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಶಹಾಬಾದ್ ಕಲ್ಲಿಗೋ ಗ್ರಾನೈಟಿಗೋ ಮೊನೆ ತಾಗಿದೊಡನೆ ಮೊಳೆ ಪಟ್ಟಿಯೊಳಗೇ ಬಾಗುತ್ತದೆ, ಪಟ್ಟಿ ಗೋಡೆಯಿಂದ ಚೂರು ಎದ್ದುಕೊಳ್ಳುತ್ತದೆ, ಗನ್ ಕೈಯಲ್ಲಿ ಹಿಂದಕ್ಕೆ ಒದೆಯುತ್ತದೆ. ಹೊರಗಿನಿಂದ ನೋಡಿದರೆ ತಲೆ ಸರಿಯಾಗಿ ಕೂತಂತೆಯೇ ಕಾಣುವುದರಿಂದ ಈ ದೋಷ ಹಲಗೆ ಸಡಿಲವಾಗುವವರೆಗೆ ಗೊತ್ತಾಗುವುದೇ ಇಲ್ಲ. ಹಳೆಯ ಪಟ್ಟಿಗಳನ್ನೇ ಉಳಿಸಿಕೊಳ್ಳುವುದಾದರೆ 40 ಮಿಲಿಮೀಟರಿನ ರಿಂಗ್ ಶ್ಯಾಂಕ್ ಮೊಳೆ ಹಾಕಬೇಕು. ಆಗ ಪಟ್ಟಿಯೊಳಗೆ 21 ಮಿಲಿಮೀಟರ್ ಇಳಿದು ಕಲ್ಲಿಗೆ ನಾಲ್ಕು ಮಿಲಿಮೀಟರ್ ಮೊದಲೇ ನಿಲ್ಲುತ್ತದೆ. ಪಟ್ಟಿಯನ್ನೂ ಬದಲಿಸುವುದಾದರೆ ಒಂದೂವರೆ ಇಂಚು ದಪ್ಪದ್ದನ್ನು ಹಾಕಿ 50 ಮಿಲಿಮೀಟರಿನ ರಿಂಗ್ ಶ್ಯಾಂಕ್ ಮೊಳೆ ಹೊಡೆಯುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಹಲಗೆಯ ಹಿಂದೆ ಗಾಳಿ ಆಡುವ ಸಂದೂ ಅದರಿಂದ ದೊಡ್ಡದಾಗುತ್ತದೆ, ಮಳೆನೀರು ಒಳಬಂದರೆ ಬೇಗ ಒಣಗುತ್ತದೆ.

ಪಟ್ಟಿಯನ್ನು ಗೋಡೆಗೆ ಹಿಡಿಸಲು ಗನ್ ಬಳಸುವ ಆಸೆ ಬಿಡಬೇಕು. ಶಹಾಬಾದ್ ಕಲ್ಲು ಪದರ ಪದರವಾದದ್ದು, ಹೊಡೆತಕ್ಕೆ ಚಕ್ಕೆ ಏಳುತ್ತದೆ. ಜಂಬಿಟ್ಟಿಗೆ ತೂತುತೂತಾದ ಮೆದುಕಲ್ಲು, ಗನ್ನಿನ ಮೊಳೆ ಅದರಲ್ಲಿ ನಿಂತಂತೆ ಕಂಡರೂ ಹಿಡಿತವಿರದು. ಗ್ರಾನೈಟಿನೊಳಗೆ ಮೊಳೆ ಹೋಗುವುದೇ ಇಲ್ಲ. ಮೂರಕ್ಕೂ ಹ್ಯಾಮರ್ ಡ್ರಿಲ್ಲಿನಿಂದ ರಂಧ್ರ ಕೊರೆದು ನೈಲಾನ್ ಪ್ಲಗ್ ಕೂರಿಸಿ ಸ್ಕ್ರೂ ಬಿಗಿಯುವುದೇ ಸರಿ. ಬೀದರಿನ ಜಂಬಿಟ್ಟಿಗೆ ಗೋಡೆಗಾದರೆ ಪ್ಲಗ್ ಇನ್ನಷ್ಟು ಉದ್ದವಿರಲಿ.

ಹೊಸ ಹಲಗೆ ಏರಿಸುವ ಮುನ್ನ ಹಳೆಯದನ್ನು ತೆಗೆಯುವ ಬಗ್ಗೆ ಒಂದು ಮಾತು, ಏಕೆಂದರೆ ಗನ್ ಬಳಸುವವರು ಅವಸರ ಮಾಡುವುದು ಇಲ್ಲೇ. ಹಳೆಯ ಮೊಳೆಗಳನ್ನು ಪಟ್ಟಿಯೊಳಗೆ ಬಡಿದು ಮುಚ್ಚಿಬಿಟ್ಟರೆ ಮುಂದೆ ಗನ್ನಿನ ಮೊಳೆ ಅದಕ್ಕೆ ತಾಗಿ ಎತ್ತ ಬೇಕಾದರೂ ತಿರುಗಬಹುದು, ಕೆಲವೊಮ್ಮೆ ಹಲಗೆಯ ಬದಿಯಿಂದ ಹೊರಗೂ ಬರಬಹುದು. ಹಲಗೆಯ ಹಿಂದೆ ಸಂದಿನಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನು ಕತ್ತರಿಸಿದರೆ ಪಕ್ಕದ ಒಳ್ಳೆಯ ಹಲಗೆಗೆ ಪೆಟ್ಟಾಗುವುದಿಲ್ಲ. ಆಮೇಲೆ ಪಟ್ಟಿಯಲ್ಲಿ ಉಳಿದ ತುಂಡನ್ನು ಕಿತ್ತು, ಕೀಳಲಾಗದಿದ್ದರೆ ಆ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಹೊಸ ಮೊಳೆಯನ್ನು ಬೆರಳಗಲ ದೂರದಲ್ಲಿ ಹೊಡೆಯಬೇಕು. ಇದೇ ವೇಳೆ ಪಟ್ಟಿಯನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿ ನೋಡುವುದನ್ನು ಮರೆಯಬಾರದು. ಗೆದ್ದಲು ತಿಂದ ಪಟ್ಟಿ ಹೊರಗೆ ನೆಟ್ಟಗೆ ಕಂಡು ಒಳಗೆ ಪೊಳ್ಳಾಗಿರುತ್ತದೆ, ಅದಕ್ಕೆ ಯಾವ ಗನ್ನಿನಿಂದ ಯಾವ ಮೊಳೆ ಹೊಡೆದರೂ ಫಲವಿಲ್ಲ.

ಗನ್ನಿಗೆ ಬಲ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ವಿಚಾರ. ಗಾಳಿ, ಗ್ಯಾಸ್, ಬ್ಯಾಟರಿ ಎಂದು ಮೂರು ದಾರಿಗಳಿವೆ. ಗ್ಯಾಸಿನ ಗನ್ ಒಂದು ಪುಟ್ಟ ಇಂಜಿನ್ನಿನಂತೆ ಕೆಲಸ ಮಾಡುತ್ತದೆ: ಸಣ್ಣ ಡಬ್ಬಿಯಿಂದ ಬಂದ ಇಂಧನ ಗಾಳಿಯೊಂದಿಗೆ ಬೆರೆತು ಕಿಡಿಗೆ ಹೊತ್ತಿಕೊಂಡು ಪಿಸ್ಟನ್ ತಳ್ಳುತ್ತದೆ. ಪೈಪಿನ ಕಾಟವಿಲ್ಲ ಎಂಬುದು ಅದರ ಸುಖ. ಆದರೆ ಅಂತಹ ಡಬ್ಬಿಗಳನ್ನು 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬಾರದೆಂದು ಅವುಗಳ ಮೇಲೆಯೇ ಬರೆದಿರುತ್ತದೆ. ಹೊರಗೆ 42-43 ಡಿಗ್ರಿ ಇರುವ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಆ ಮಿತಿ ಸುಲಭವಾಗಿ ದಾಟುತ್ತದೆ. ಡಬ್ಬಿ ಮುಗಿದರೆ ಮತ್ತೊಂದು ಊರಿನಲ್ಲೇ ಸಿಗಬೇಕಲ್ಲ ಎಂಬ ಚಿಂತೆಯೂ ಸೇರಿದರೆ ಈ ಬಗೆಯ ಗನ್ ನಮ್ಮ ಕಡೆಗೆ ಒಗ್ಗದು.

ಬ್ಯಾಟರಿಯ ಗನ್ ಅಚ್ಚುಕಟ್ಟು, ಏಣಿಯ ಮೇಲೆ ನಿಂತು ಅಲ್ಲೊಂದು ಇಲ್ಲೊಂದು ಹಲಗೆ ಬದಲಿಸುವವರಿಗೆ ಅನುಕೂಲ. ತೂಕ ಮಾತ್ರ ಗಾಳಿಯ ಗನ್ನಿಗಿಂತ ಹೆಚ್ಚು. ಕೈ ಎತ್ತಿ ದಿನವಿಡೀ ಹೊಡೆಯುವಾಗ ಈ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತದೆ. ಲಿಥಿಯಂ ಬ್ಯಾಟರಿ ಕಾದಿದ್ದರೆ ಅದು ತಣ್ಣಗಾಗುವವರೆಗೆ ಚಾರ್ಜರ್ ಚಾರ್ಜ್ ಮಾಡದೆ ತಡೆಹಿಡಿಯುತ್ತದೆ, ಬೇಸಿಗೆಯ ಮಧ್ಯಾಹ್ನ ಇದು ನಿತ್ಯದ ಮಾತು. ಬ್ಯಾಟರಿ ಗನ್ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ನಮ್ಮಲ್ಲಿ ಸಿಗುವ ಬಹುಪಾಲು ಮಾದರಿಗಳು 18 ಅಥವಾ 16 ಗೇಜಿನ ತಲೆಯಿಲ್ಲದ ಪಿನ್ನು ಹೊಡೆಯುವಂಥವು. ಬೆಲೆ ನೋಡಿ ದೊಡ್ಡ ಗನ್ ಎಂದುಕೊಂಡರೆ ಮತ್ತೆ ಅದೇ ತಲೆಯಿಲ್ಲದ ಮೊಳೆಗೆ ಬಂದು ನಿಲ್ಲುತ್ತೇವೆ.

ಹೀಗಾಗಿ ಗಾಳಿಯ ಗನ್ನೇ ಉಳಿಯುತ್ತದೆ. ಬಡಿಗೇರರ ಬಳಿ ಕಂಪ್ರೆಸರ್ ಈಗಾಗಲೇ ಇರುತ್ತದೆ ಎಂಬುದೇ ಅದರ ದೊಡ್ಡ ಲಾಭ. ಕಾಯಿಲ್ ಗನ್‌ಗಳು ಸಾಮಾನ್ಯವಾಗಿ 70ರಿಂದ 100 ಪಿಎಸ್‌ಐ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಎಫ್30 ಗನ್ನಿಗಿಂತ ಒಂದೊಂದು ಹೊಡೆತಕ್ಕೆ ಹೆಚ್ಚು ಗಾಳಿ ನುಂಗುತ್ತವೆ. ಒಬ್ಬರೇ ನಿಧಾನವಾಗಿ ಒಂದೊಂದು ಮೊಳೆ ಹೊಡೆಯುವುದಾದರೆ ಒಂದು ಎಚ್‌ಪಿ ಮೋಟಾರಿನ, 25 ಲೀಟರ್ ಟ್ಯಾಂಕಿನ ಕಂಪ್ರೆಸರ್ ಸಾಕು. ಇಬ್ಬರು ಎರಡು ಗನ್ ಹಿಡಿದರೆ ಸಾಲದು. ತೋಟದ ಮನೆಗಳಲ್ಲಿ ವೋಲ್ಟೇಜ್ ಇಳಿದಿರುವಾಗ ಉದ್ದನೆಯ ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕಂಪ್ರೆಸರ್ ಓಡಿಸಿದರೆ ಮೋಟಾರ್ ಏಳದೆ ಗುಂಯ್ಗುಟ್ಟಿ ಸುಟ್ಟುಹೋಗುವ ಸಂಭವವಿದೆ. ಕಂಪ್ರೆಸರನ್ನು ಪ್ಲಗ್ ಪಾಯಿಂಟಿನ ಹತ್ತಿರ ನೆರಳಿನಲ್ಲಿಟ್ಟು ವೈರಿನ ಬದಲು ಗಾಳಿಯ ಪೈಪನ್ನೇ ಉದ್ದ ಮಾಡಿಕೊಳ್ಳುವುದು ಜಾಣತನ. ದಿನದ ಕೆಲಸ ಮುಗಿದ ಮೇಲೆ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಹರಿಯಬಿಡಬೇಕು, ಬೆಳಿಗ್ಗೆ ಗನ್ನಿನ ಗಾಳಿಯ ಬಾಯಿಗೆ ಏರ್ ಟೂಲ್ ಎಣ್ಣೆಯನ್ನು ಎರಡು-ಮೂರು ಹನಿ ಬಿಡಬೇಕು. ಯಾವ ಕಾರಣಕ್ಕೂ ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರನ್ನು ಗನ್ನಿಗೆ ಜೋಡಿಸಬಾರದು. ಎಣ್ಣೆ ತಾಗಿದ ಆಕ್ಸಿಜನ್ ಗನ್ನನ್ನು ಕೈಯಲ್ಲೇ ಸಿಡಿಸುತ್ತದೆ.

ಕೊಳ್ಳುವಾಗ ಪರೀಕ್ಷಿಸಬೇಕಾದ ಎರಡು ಅಂಗಗಳು ಗನ್ನಿನ ಮೂತಿಯಲ್ಲೂ ಟ್ರಿಗರಿನಲ್ಲೂ ಇವೆ. ಮೂತಿಯ ಬಳಿ ಆಳ ಹೊಂದಿಸುವ ತಿರುಗಣೆ ಇರಲೇಬೇಕು. ಹೊರಹಲಗೆಯಲ್ಲಿ ಮೊಳೆಯ ತಲೆ ಮರದ ಮೇಲ್ಮೈಗೆ ಸರಿಸಮವಾಗಿ, ಬೆರಳಾಡಿಸಿದರೆ ಎಡವದಂತೆ ಕೂತಿರಬೇಕು, ಅದಕ್ಕಿಂತ ಆಳಕ್ಕೆ ಇಳಿದಿರಬಾರದು. ಗನ್ನು ಹೆಚ್ಚು ಒತ್ತಡದಲ್ಲಿದ್ದಾಗ ತಲೆ ಮೇಲ್ಮೈಯ ನಾರುಗಳನ್ನು ಕತ್ತರಿಸಿಕೊಂಡು ಎರಡು-ಮೂರು ಮಿಲಿಮೀಟರ್ ಒಳಗೆ ಹೋಗುತ್ತದೆ. ಅಲ್ಲೊಂದು ಪುಟ್ಟ ಬಟ್ಟಲು ಉಂಟಾಗಿ ಮಳೆನೀರು ನಿಲ್ಲುತ್ತದೆ, ತಲೆಯಡಿ ಹಲಗೆಯ ದಪ್ಪ ಅಷ್ಟು ಕಡಿಮೆಯಾಗಿ ಹಿಡಿತವೂ ತಗ್ಗುತ್ತದೆ. ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಮುಚ್ಚಿಹೋಗುತ್ತದೆ ಎನ್ನುವವರಿದ್ದಾರೆ, ಆ ಪುಟ್ಟಿ ಒಂದು ಬೇಸಿಗೆಗೆ ಉದುರುತ್ತದೆ. ಆದ್ದರಿಂದ ಅದೇ ಹಲಗೆಯ ತುಂಡನ್ನು ಅದೇ ಪಟ್ಟಿಯ ತುಂಡಿನ ಮೇಲಿಟ್ಟು ಕಡಿಮೆ ಒತ್ತಡದಿಂದ ಆರಂಭಿಸಿ, ತಲೆ ಅರೆ ಮಿಲಿಮೀಟರಿನಷ್ಟು ಹೊರಗುಳಿಯುವ ಹಂತದಲ್ಲಿ ನಿಲ್ಲಿಸಿ, ಕೊನೆಯ ಚೂರನ್ನು ಸುತ್ತಿಗೆಯಿಂದ ಕೂರಿಸುವುದನ್ನು ನಾನು ಮೆಚ್ಚುತ್ತೇನೆ. ಸಾಗವಾನಿಯ ಒಂದೇ ಹಲಗೆಯಲ್ಲಿ ತಿರುಳಿನ ಭಾಗ ಗಟ್ಟಿ, ಹೊರಭಾಗ ಮೆದು ಇರುವುದರಿಂದ ಒಂದೇ ಒತ್ತಡಕ್ಕೆ ಎರಡು ಆಳ ಬರುತ್ತದೆ. ಸುತ್ತಿಗೆ ಕೈಯಲ್ಲಿದ್ದರೆ ಈ ತೊಂದರೆ ಇರುವುದಿಲ್ಲ. ಮೂತಿಗೆ ತೊಡಿಸುವ ರಬ್ಬರ್ ಟೊಪ್ಪಿಗೆ ಗನ್ನಿನ ಜೊತೆ ಬಂದಿದೆಯೇ ಎಂದೂ ನೋಡಬೇಕು, ಇಲ್ಲದಿದ್ದರೆ ಪೈನ್ ಹಲಗೆಯ ಮೇಲೆ ಪ್ರತಿ ಮೊಳೆಯ ಪಕ್ಕ ಮೂತಿಯ ಹಲ್ಲಿನ ಗುರುತು ಉಳಿಯುತ್ತದೆ.

ಟ್ರಿಗರಿನ ವಿಷಯ ಇನ್ನೂ ಗಂಭೀರವಾದದ್ದು. ಒಂದು ಬಗೆಯಲ್ಲಿ ಬೆರಳನ್ನು ಟ್ರಿಗರಿನ ಮೇಲೆ ಒತ್ತಿಯೇ ಹಿಡಿದು ಮೂತಿ ಎಲ್ಲಿ ತಾಗಿದರೂ ಮೊಳೆ ಹಾರುತ್ತದೆ. ಪ್ಯಾಲೆಟ್ ಕಾರ್ಖಾನೆಗೆ ಬರುವ ಗನ್‌ಗಳಲ್ಲಿ ವೇಗಕ್ಕಾಗಿ ಇದೇ ಹೆಚ್ಚು. ಇನ್ನೊಂದು ಬಗೆಯಲ್ಲಿ ಮೊದಲು ಮೂತಿ ಒತ್ತಬೇಕು, ಆಮೇಲೆ ಟ್ರಿಗರ್ ಎಳೆಯಬೇಕು, ಎರಡನ್ನೂ ಬಿಟ್ಟ ಮೇಲೆಯೇ ಮುಂದಿನ ಮೊಳೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆಗಳಾದ ನಯೋಶ್ ಮತ್ತು ಓಶಾ 2011ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಆ ದೇಶದಲ್ಲಿ ವರ್ಷಕ್ಕೆ ಸುಮಾರು 37,000 ಜನ ನೇಲ್ ಗನ್ ಗಾಯದಿಂದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗುತ್ತಾರೆ, ಮೊದಲ ಬಗೆಯ ಟ್ರಿಗರಿನಲ್ಲಿ ಗಾಯದ ಅಪಾಯ ಎರಡನೆಯದರ ಎರಡು ಪಟ್ಟು. ಕಾರಣ ಸರಳವಾಗಿದೆ: ಹೊಡೆದ ಗನ್ ಒದೆತಕ್ಕೆ ಮೇಲೆದ್ದು ಮತ್ತೆ ಬಿದ್ದಾಗ, ಬೆರಳು ಸಡಿಲಿಸುವ ಮೊದಲೇ ಎರಡನೆಯ ಮೊಳೆ ಹೊರಡುತ್ತದೆ. ಅದು ಹೋಗುವುದು ಹಲಗೆಯನ್ನು ಒತ್ತಿ ಹಿಡಿದಿದ್ದ ಎಡಗೈಯತ್ತ. ಏಣಿಯ ಮೇಲೆ, ಚಪ್ಪಲಿ ಕಾಲಲ್ಲಿ, ಪೈಪು ಎಳೆದುಕೊಂಡು ನಿಂತವರಿಗೆ ಈ ವೇಗದಿಂದ ಯಾವ ಪ್ರಯೋಜನವೂ ಇಲ್ಲ. ಕಾಯಿಲ್ ಗನ್ ಕೊಳ್ಳುವಾಗ ಎರಡನೆಯ ಬಗೆಯ ಟ್ರಿಗರ್ ಸಿಗುತ್ತದೆಯೇ, ಬದಲಿಸಲು ಬರುತ್ತದೆಯೇ ಎಂದು ಕೇಳಬೇಕು. ಬರುವುದಿಲ್ಲ ಎಂದರೆ ಬೇರೆ ಗನ್ ನೋಡಬೇಕು. ಹಲಗೆ ಹಿಡಿದ ಕೈ ಮೂತಿಯಿಂದ ಕನಿಷ್ಠ ಒಂದು ಅಡಿ ದೂರವಿರಲಿ, ಕಣ್ಣಿಗೆ ಕನ್ನಡಕವಿರಲಿ, ಸಿಕ್ಕಿಕೊಂಡ ಮೊಳೆ ತೆಗೆಯುವ ಮುನ್ನ ಗಾಳಿಯ ಪೈಪು ಕಳಚಿರಲಿ.

ಇಷ್ಟೆಲ್ಲ ಆದ ಮೇಲೆ ಕೆಲಸದ ಗಾತ್ರವನ್ನೊಮ್ಮೆ ಎಣಿಸಿ ನೋಡುವುದು ಒಳ್ಳೆಯದು. ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಗೋಡೆಗೆ ಐದು ಇಂಚು ಮುಚ್ಚುವ ಹಲಗೆಯಾದರೆ 24 ಸಾಲು ಬರುತ್ತವೆ. ಪಟ್ಟಿಗಳು 16 ಇಂಚಿಗೊಂದರಂತೆ ಇದ್ದರೆ ಹತ್ತು. ಮೇಲಿನ ಹಲಗೆ ಕೆಳಗಿನದರ ಮೇಲೆ ಹೊದ್ದುಕೊಳ್ಳುವ ಜೋಡಣೆಯಲ್ಲಿ ಪ್ರತಿ ಪಟ್ಟಿಗೆ ಒಂದೇ ಮೊಳೆ, ಅದೂ ಕೆಳಗಿನ ಹಲಗೆಯ ಅಂಚನ್ನು ತಪ್ಪಿಸಿ ತುಸು ಮೇಲೆ. ಎರಡೂ ಹಲಗೆಗಳನ್ನು ಒಂದೇ ಮೊಳೆಗೆ ಪೋಣಿಸಿದರೆ ಕುಗ್ಗುವಾಗ ಎಳೆದಾಡಿ ಒಂದು ಸೀಳುತ್ತದೆ. ಹಾಗಾಗಿ ಇಡೀ ಗೋಡೆಗೆ 240 ಮೊಳೆ, ಅಂದರೆ ಒಂದು ಸುರುಳಿಯೂ ಪೂರ್ತಿ ಖರ್ಚಾಗುವುದಿಲ್ಲ. ಇದಕ್ಕಾಗಿ ಗನ್ ಕೊಳ್ಳುವುದು ನನಗೆ ಸರಿಕಾಣದು. ಸಣ್ಣ ಡ್ರಿಲ್ಲಿನಿಂದ ಮೊದಲೇ ರಂಧ್ರ ಮಾಡಿಕೊಂಡು ಸುತ್ತಿಗೆಯಿಂದ ಹೊಡೆದರೂ ಒಬ್ಬರು ಒಂದು ದಿನದಲ್ಲಿ ಮುಗಿಸುವ ಕೆಲಸ ಅದು. ಎರಡಂತಸ್ತಿನ ಮನೆಯ ನಾಲ್ಕೂ ಬದಿ ಬದಲಿಸುವವರಿಗೆ, ಅಥವಾ ಇದನ್ನೇ ಕಸುಬು ಮಾಡಿಕೊಂಡು ಮನೆಯಿಂದ ಮನೆಗೆ ಹೋಗುವ ಬಡಿಗೇರರಿಗೆ ಕಾಯಿಲ್ ಗನ್ನಿನ ಖರ್ಚು ಹುಟ್ಟುತ್ತದೆ.

ಹಲಗೆ ಪೂರ್ತಿ ಸಾಗವಾನಿಯದೋ ಮತ್ತೊಂದು ಗಟ್ಟಿಮರದ್ದೋ ಆಗಿದ್ದರೆ ನನ್ನ ಆಯ್ಕೆ ಗನ್ನೂ ಅಲ್ಲ, ಸುತ್ತಿಗೆಯೂ ಅಲ್ಲ. ಮೊದಲೇ ಕೊರೆದ ರಂಧ್ರದಲ್ಲಿ ಸ್ಟೇನ್‌ಲೆಸ್ ಸ್ಕ್ರೂ. ಬೆಲೆಯುಳ್ಳ ಹಲಗೆಯ ತುದಿ ಒಮ್ಮೆ ಸೀಳಿದರೆ ಉಳಿಸಿದ ಸಮಯಕ್ಕೆ ಅರ್ಥವಿಲ್ಲ, ಮುಂದೆ ಮತ್ತೆ ಬದಲಿಸಬೇಕಾದಾಗ ಸ್ಕ್ರೂ ಬಿಚ್ಚಿಕೊಳ್ಳಲೂ ಬರುತ್ತದೆ. ಪೈನ್ ಹಲಗೆಗೆ ಗನ್ ಬಳಸಿದರೂ ತುದಿಯಿಂದ ಎರಡು ಇಂಚಿನೊಳಗಿನ ಮೊಳೆಗಳನ್ನು ಗನ್ನಿಗೆ ಒಪ್ಪಿಸದೆ ರಂಧ್ರ ಕೊರೆದು ಕೈಯಿಂದಲೇ ಹೊಡೆಯಬೇಕು. ಇನ್ನು ಮರದ ಬಣ್ಣದ ಡಬ್ಲ್ಯೂಪಿಸಿ (ಮರದ ಪುಡಿ-ಪ್ಲಾಸ್ಟಿಕ್ ಬೆರೆಸಿದ) ಪಟ್ಟಿ ಅಥವಾ ಎಚ್‌ಪಿಎಲ್ (ಹೆಚ್ಚಿನ ಒತ್ತಡದಲ್ಲಿ ಮಾಡಿದ ಲ್ಯಾಮಿನೇಟ್) ಹಾಳೆ ಹಾಕಿಸಿದವರಿಗೆ ಈ ಲೇಖನದ ಗನ್‌ಗಳು ಯಾವುವೂ ಸಲ್ಲುವುದಿಲ್ಲ. ಅವಕ್ಕೆ ತಯಾರಕರು ಕೊಡುವ ಕ್ಲಿಪ್ಪು, ಸ್ಕ್ರೂಗಳೇ ಬೇಕು.

ಕೆಲಸ ಮುಗಿದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಇಳಿಬಿಸಿಲಿನ ಹೊತ್ತಿನಲ್ಲಿ ಗೋಡೆಯ ಬದಿಯಿಂದ ಓರೆಯಾಗಿ ನೋಡಿದರೆ ಹೊರಬಂದ ತಲೆಗಳ ನೆರಳು ಹಲಗೆಯ ಮೇಲೆ ಎದ್ದು ಕಾಣುತ್ತದೆ. ಅಂತಹ ಮೊಳೆಯನ್ನು ಮತ್ತೆ ಒಳಗೆ ಬಡಿಯುವುದರಿಂದ ಉಪಯೋಗವಿಲ್ಲ, ಹಳೆಯ ರಂಧ್ರದಲ್ಲಿ ಹಿಡಿತ ಹೋಗಿರುತ್ತದೆ. ಅದನ್ನು ಕಿತ್ತು ಅದೇ ರಂಧ್ರಕ್ಕೆ ಒಂದು ಹೆಜ್ಜೆ ದಪ್ಪನೆಯ ಸ್ಟೇನ್‌ಲೆಸ್ ಸ್ಕ್ರೂ ಬಿಗಿಯಬೇಕು. ಉದ್ದವನ್ನು ಮಾತ್ರ ಪಟ್ಟಿಯ ದಪ್ಪ ಅಳೆದು, ಹಿಂದಿನ ಕಲ್ಲಿಗೆ ತಾಗದಂತೆ ಆರಿಸಿಕೊಳ್ಳಬೇಕು.